ವಿಲ್ಕ್ಸನೂ ಮೈಸೂರಿನ ರಾವುತರೂ

ಚೆನ್ನೈಯ ಸೇಂಟ್ ಜಾರ್ಜ್ ಕೋಟೆಯಲ್ಲಿ ಕುಳಿತು ಕನ್ನಡನಾಡಿನ ಭವಿಷ್ಯವನ್ನು ಕುರಿತು ಕಾಗದ ಬರೆದ ಅಧಿಕಾರಿಗಳು ಅಸಂಖ್ಯರಾದರೂ, ಆ ನಾಡಿನ ಭೂತಕಾಲವನ್ನು ಶ್ರದ್ಧೆಯಿಂದ ಅರಸಿದವರು ವಿರಳ; ಆ ವಿರಳರಲ್ಲಿ ಅಗ್ರಗಣ್ಯನು ಕರ್ನಲ್ ಮಾರ್ಕ್ ವಿಲ್ಕ್ಸ್. ಮದರಾಸಿನ ಸೈನ್ಯಕ್ಕೆ ಕೆಡೆಟ್ಟಾಗಿ ಬಂದು, ಟಿಪ್ಪುವಿನ ಮೇಲಣ ಮೂರನೆಯ ಮೈಸೂರು ಯುದ್ಧದಲ್ಲಿ ಸೇವೆ ಸಲ್ಲಿಸಿ, 1803ರಿಂದ 1808ರವರೆಗೆ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಈತನು, 1810ರಲ್ಲಿ ಮೊದಲ ಸಂಪುಟವನ್ನೂ 1817ರಲ್ಲಿ ಉಳಿದೆರಡನ್ನೂ ಪ್ರಕಟಿಸಿದ 'ಹಿಸ್ಟಾರಿಕಲ್ ಸ್ಕೆಚಸ್ ಆಫ್ ದಿ ಸೌತ್ ಆಫ್ ಇಂಡಿಯಾ' ಎಂಬ ಗ್ರಂಥವು ಮೈಸೂರಿನ ಯುದ್ಧಗಳನ್ನು ಬಲ್ಲೆನೆನ್ನುವ ಯಾರಿಗೂ ಇಂದಿಗೂ ಅಪರಿಹಾರ್ಯವಾಗಿದೆ. ಎರಡು ಪ್ರಕಟಣೆಗಳ ನಡುವೆ ಅವನು ಸೇಂಟ್ ಹೆಲೆನಾ ದ್ವೀಪದ ಗವರ್ನರನಾಗಿ, ಸೆರೆಯಾಳಾಗಿ ಬಂದಿಳಿದ ನೆಪೋಲಿಯನ್ನನನ್ನೂ ಕಂಡನು.

ಅವನ ಬರವಣಿಗೆ ಪರಮೋತ್ಕರ್ಷವನ್ನು ಮುಟ್ಟುವುದು ಅಶ್ವಬಲದ ಪ್ರಸಂಗಗಳಲ್ಲಿ ಎಂಬುದು ನನ್ನ ದೃಢವಾದ ಅಭಿಪ್ರಾಯ. ಶೌರ್ಯವರ್ಣನೆಗೆ ಮನಸೋಲದೆ, ದೂರವೆಷ್ಟು, ಮೇವೆಲ್ಲಿ, ಸಂಬಳ ಯಾರದು ಎಂಬ ಪ್ರಶ್ನೆಗಳನ್ನೇ ಅವನು ಮುಂದಿಡುತ್ತಾನೆ. ದಿಂಡಿಗಲ್ಲಿನ ಫೌಜುದಾರನಾಗಿದ್ದ, ಟಿಪ್ಪುವಿನ ತಂದೆ ಹೈದರನು ಸೂರೆಯ ಅರ್ಧವನ್ನು ಸೂರೆಗಾರನಿಗೇ ಬಿಟ್ಟು ಉಳಿದರ್ಧಕ್ಕೆ ಕಟ್ಟುನಿಟ್ಟಾದ ಲೆಕ್ಕವಿಡಿಸಿ, ಆ ಲೆಕ್ಕದ ಬಲದಿಂದಲೇ ಸೇನೆಯನ್ನು ಬೆಳೆಸಿದ ಬಗೆಯನ್ನು ಅವನು ವಿವರಿಸುವ ರೀತಿ ಅನ್ಯತ್ರ ದುರ್ಲಭ. ಆ ಲೆಕ್ಕಗಳನ್ನು ನೋಡಿಕೊಂಡ ಖಂಡೇರಾಯನೇ 1760ರಲ್ಲಿ ಅರಮನೆಯ ಪಕ್ಷ ಹಿಡಿದು ತಿರುಗಿಬಿದ್ದಾಗ ಮೈಸೂರಿನಲ್ಲಿ ಅಂತರ್ಯುದ್ಧವೇ ಹೊತ್ತಿಕೊಂಡಿತು. ಶ್ರೀರಂಗಪಟ್ಟಣದಿಂದ ರಾತ್ರೋರಾತ್ರಿ ಹೊಳೆ ದಾಟಿದ ಹೈದರನು ಇಪ್ಪತ್ತು ಗಂಟೆಗಳಲ್ಲಿ 98 ಮೈಲಿ ಸವಾರಿ ಮಾಡಿ, ಅದರಲ್ಲಿ ಮೊದಲ 75 ಮೈಲಿಗಳನ್ನು ಒಂದೇ ಕುದುರೆಯ ಮೇಲೆ ಕ್ರಮಿಸಿ, ಬೆಂಗಳೂರನ್ನು ಸೇರಿದ ವೃತ್ತಾಂತದಲ್ಲಿ ವಿಲ್ಕ್ಸನು ಒಂದು ವಿಶೇಷಣವನ್ನೂ ವ್ಯರ್ಥಮಾಡುವುದಿಲ್ಲ. ಅಂಕೆಗಳೇ ಆ ರಾತ್ರಿಯ ಭಯವನ್ನು ಹೇಳಿಬಿಡುತ್ತವೆ. ತರುವಾಯ ಕಟ್ಟೆಮಳಲವಾಡಿಯಲ್ಲಿ ಕೂಟಪತ್ರಗಳಿಂದ ಖಂಡೇರಾಯನನ್ನು ಬೆದರಿಸಿ ಓಡಿಸಿದ ತಂತ್ರವನ್ನೂ ಇದೇ ಸಂಯಮದಿಂದ ನಿರೂಪಿಸಿದ್ದಾನೆ.

ಮದರಾಸಿನವರಾದ ನಮಗೆ ಇನ್ನೂ ಹತ್ತಿರದ ಪ್ರಸಂಗವು 1769ರದು. ಭಾರವಾದ ಸೈನ್ಯವನ್ನೂ ತೋಪುಗಳನ್ನೂ ದೂರ ಕಳುಹಿಸಿ, ಆಯ್ದ ಆರು ಸಾವಿರ ಸವಾರರೊಡನೆ ಮೂರೂವರೆ ದಿನಗಳಲ್ಲಿ 130 ಮೈಲಿ ನಡೆದು ಹೈದರನು ಮದರಾಸಿನ ಹತ್ತಿರದ ಪರಂಗಿಮಲೆಯ ಬಳಿ ಕಾಣಿಸಿಕೊಂಡಾಗ, ಸೇಂಟ್ ಜಾರ್ಜ್ ಕೋಟೆಯ ಆಡಳಿತ ಮಂಡಲಿಯು ಸಂಧಿಗೆ ಒಡಂಬಡಲೇಬೇಕಾಯಿತು. ವಿಲ್ಕ್ಸನು ತನ್ನ ಸರ್ಕಾರದ ಈ ಅಪಮಾನವನ್ನು ಮುಚ್ಚಿಡದೆ, ಮೈಸೂರಿನವನ ವೇಗವನ್ನು ಕಸುಬುದಾರನ ಕಣ್ಣಿನಿಂದ ಮೆಚ್ಚಿದ್ದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಆದರೆ ಈ ಸಮದೃಷ್ಟಿ ಟಿಪ್ಪುವಿನ ಅಧ್ಯಾಯಗಳಲ್ಲಿ ಕೆಡುತ್ತದೆ. ಅರಮನೆಯ ಓಲೆಗರಿಗಳನ್ನೂ ಕಡತಗಳನ್ನೂ ಕುದುರೆಗಳಿಗೆ ಹುರುಳಿ ಬೇಯಿಸುವ ಒಲೆಗೆ ಹಾಕಿಸಲು ಟಿಪ್ಪು ಆಜ್ಞಾಪಿಸಿದನೆಂದು ವಿಲ್ಕ್ಸನು ಪೀಠಿಕೆಯಲ್ಲಿಯೇ ಹೇಳುತ್ತಾನೆ. ಇದು ನಿಜವಾಗಿದ್ದರೆ ಹೃದಯವಿದ್ರಾವಕ. ಆದರೂ, ಎರಡು ಸಾವಿರದಷ್ಟು ಹಸ್ತಪ್ರತಿಗಳ ಗ್ರಂಥಭಂಡಾರವನ್ನು ಬಿಟ್ಟುಹೋದ ಅರಸನ ವಿಷಯದಲ್ಲಿ, ಅದೂ ಗೆದ್ದವರ ಆಸ್ಥಾನದಲ್ಲಿ ಕೇಳಿದ ಕಥೆಯನ್ನು, ಅವನು ಇತರ ಕಥೆಗಳನ್ನು ಒರೆಗೆ ಹಚ್ಚಿದಂತೆ ಹಚ್ಚಬೇಕಾಗಿತ್ತು.

ಇದಕ್ಕಿಂತ ಗುರುತರವಾದ ದೋಷ ಯುದ್ಧವಿಮರ್ಶೆಗೇ ಸೇರಿದ್ದು. ಟಿಪ್ಪು ಕಾಲಾಳುಗಳಿಗೆ ಪ್ರಾಧಾನ್ಯವಿತ್ತು ತಂದೆಯ ಅಶ್ವಬಲವನ್ನು ಕುಂದಿಸಿದನೆಂಬ ವಿಲ್ಕ್ಸನ ಆಕ್ಷೇಪಣೆಯಲ್ಲಿ ಹುರುಳಿಲ್ಲದಿಲ್ಲ; ಆದರೆ 1791ರ ಮೇ ತಿಂಗಳಲ್ಲಿ, ಅರಕೆರೆಯ ಕಾಳಗವನ್ನು ಗೆದ್ದ ಇಂಗ್ಲಿಷರ ಸೇನಾಪತಿ ಕಾರ್ನ್‌ವಾಲಿಸನು ಶ್ರೀರಂಗಪಟ್ಟಣದ ಎದುರಿನಲ್ಲೇ ತನ್ನ ಮುತ್ತಿಗೆಯ ತೋಪುಗಳನ್ನು ತಾನೇ ನಾಶಮಾಡಿ ಹಿಂದಿರುಗಿದ್ದೇಕೆ? ಎತ್ತುಗಳು ಸತ್ತಿದ್ದವು, ಧಾನ್ಯ ಮುಗಿದಿತ್ತು, ಮೈಸೂರಿನ ಸವಾರರು ದಾರಿಗಳನ್ನೆಲ್ಲ ಎಷ್ಟು ಬಿಗಿಯಾಗಿ ಕಟ್ಟಿದ್ದರೆಂದರೆ ಮರಾಠರ ಸೈನ್ಯವು ಕಣ್ಣಿಗೆ ಬೀಳುವವರೆಗೂ ಅದು ಬರುತ್ತಿರುವ ಸುದ್ದಿ ಕಾರ್ನ್‌ವಾಲಿಸನನ್ನು ತಲಪಲಿಲ್ಲ. ಕಾದಾಡದೆ ಗೆದ್ದ ಇಂತಹ ಜಯವನ್ನು ಹೈದರನು ಗಳಿಸಿದ್ದರೆ ವಿಲ್ಕ್ಸನು ಪ್ರತಿಭೆಯೆಂದು ಕರೆಯುತ್ತಿದ್ದನು. ಮಗನು ಗಳಿಸಿದಾಗ ಅದು ಮಳೆ ಮತ್ತು ದುರದೃಷ್ಟಗಳ ಪಾಲಿಗೆ ಹೋಗುತ್ತದೆ. ನಿರೂಪಕನು ಒದಗಿಸಿದ ಸಾಕ್ಷ್ಯವನ್ನು ನ್ಯಾಯಾಧೀಶನು ಓದಿಲ್ಲ.

ಮತ್ತೊಂದು ಕೊರತೆ ನನ್ನನ್ನು ಬಹುವಾಗಿ ನೋಯಿಸುತ್ತದೆ. ಅವನು ರೆಸಿಡೆಂಟನಾದ 1803ರಲ್ಲಿಯೇ ಮೈಸೂರಿನ ದಿವಾನ ಪೂರ್ಣಯ್ಯನ ಸಿಲೇದಾರ ಸವಾರರು, ಎಂದರೆ ಸ್ವಂತ ಕುದುರೆ ತಂದು ದುಡಿಯುವವರು, ಇಂಗ್ಲಿಷರ ಸೇನಾನಿ ವೆಲ್ಲೆಸ್ಲಿಯೊಡನೆ ಮರಾಠರ ಮೇಲೆ ದಂಡೆತ್ತಿ ಹೋಗಿದ್ದರು. ಅವರಲ್ಲಿ ಹಳೆಯ ಯುದ್ಧಗಳ ರಾವುತರೂ ಇದ್ದಿರಲೇಬೇಕು. ದಿವಾನರನ್ನೂ ದಳವಾಯಿಗಳನ್ನೂ ಅಷ್ಟು ಸ್ಫುಟವಾಗಿ ಚಿತ್ರಿಸಿದ ಲೇಖನಿಗೆ ಆ ಸಾಮಾನ್ಯ ಸವಾರನ ಊರು, ಭಾಷೆ, ಸಾಲ, ಸತ್ತ ಕುದುರೆಯ ಬೆಲೆ ತೆತ್ತವರಾರು ಎಂಬ ವಿಚಾರ ಬೇಕೆನಿಸಲಿಲ್ಲ.

1930ರಲ್ಲಿ ಮೈಸೂರಿನ ಸರ್ಕಾರಿ ಮುದ್ರಣಾಲಯವು ಮರೆ ಹ್ಯಾಮಿಕ್ಕನ ಟಿಪ್ಪಣಿಗಳೊಡನೆ ಈ ಗ್ರಂಥವನ್ನು ಪುನಃ ಅಚ್ಚುಮಾಡಿಸಿದುದು ಉಪಕಾರವೇ ಸರಿ. ಅದನ್ನು ಕೈಗೆತ್ತಿಕೊಳ್ಳುವವರು ಟಿಪ್ಪುವಿನ ಗುಣಾವಗುಣಗಳ ತೀರ್ಪನ್ನು ಕೊನೆಗಿರಿಸಿ, ಮೊದಲು 1760 ಮತ್ತು 1791ರ ಪ್ರಕರಣಗಳನ್ನು ಒಟ್ಟಿಗೆ ಓದಲೆಂದು ನಾನು ಕೇಳಿಕೊಳ್ಳುತ್ತೇನೆ.