ಏಪ್ರನ್ ಕಟ್ಟಿದ ಡ್ರಾಗನ್

ಜಪಾನೀಯರ ಚಿತ್ರಕಥಾ ಪ್ರಕಾರಕ್ಕೆ ‘ಮಾಂಗಾ’ ಎಂದು ಹೆಸರು. ಕೋಸುಕೆ ಓನೊ 2018ರಲ್ಲಿ ಆರಂಭಿಸಿದ ‘ಗೊಕುಶುಫುದೊ’ ಎಂಬ ಹಾಸ್ಯ ಮಾಂಗಾವನ್ನು ನಾನು ಓದಿದ್ದು ಇಂಗ್ಲಿಷಿನಲ್ಲಿ. ‘ಸಾವಿಲ್ಲದ ಡ್ರಾಗನ್’ ಎಂದು ಭೂಗತಲೋಕವನ್ನು ನಡುಗಿಸಿದ್ದ ತಾತ್ಸು ಆ ಕಸುಬು ಬಿಟ್ಟು ಮನೆವಾಳ್ತೆಗೆ ನಿಂತಿದ್ದಾನೆ. ಹೆಂಡತಿ ಮಿಕು ವಿನ್ಯಾಸಕಿ, ದುಡಿಯುವವಳು ಅವಳೇ. ಇವನಿಗೋ ಕಪ್ಪು ಸೂಟು, ತಂಪು ಕನ್ನಡಕ, ಮುಖದಲ್ಲಿ ಗಾಯದ ಗುರುತು, ಮೇಲೆ ನಾಯಿಯ ಚಿತ್ರದ ಏಪ್ರನ್.

ಹೆಸರಿನಲ್ಲೇ ಒಂದು ಶ್ಲೇಷೆಯಿದೆ. ‘ಗೊಕುದೊ’ ಎಂದರೆ ಯಾಕುಜಾಗಳ ದಾರಿ. ಅದನ್ನು ಸೀಳಿ ನಡುವೆ ‘ಶುಫು’ ಸೇರಿಸಿದ್ದಾರೆ. ಶುಫು ಎಂದರೆ ಗೃಹಿಣಿ. ಬರವಣಿಗೆಯಲ್ಲಿ ಒಂದು ಅಕ್ಷರ ಬದಲಾದರೆ ಮನೆ ನೋಡಿಕೊಳ್ಳುವ ಗಂಡ. ಕಿವಿಗೆ ಎರಡೂ ಒಂದೇ. ಇಂಗ್ಲಿಷಿನಲ್ಲಿ ಇದು ಪೂರ್ತಿ ಕಳೆದುಹೋಗಿದೆ. ಎರಡು ಲಿಪಿಗಳ ನಡುವೆ ಬದುಕುವ ಕಾಸರಗೋಡಿನ ನಮಗೆ ಈ ಬಗೆಯ ನಷ್ಟ ಹೊಸದೇನಲ್ಲ. ‘ದೊ’ವನ್ನು ಮಾರ್ಗವೆಂದು ಅನುವಾದಿಸೋಣವೆಂದರೆ, ನಮ್ಮಲ್ಲಿ ಮಾರ್ಗದಲ್ಲಿ ಬಸ್ಸು ಓಡುತ್ತದೆ!

ಸೌಟು ಹಿಡಿದ ಗಂಡಸು ನಮ್ಮ ಸಿನಿಮಾಗಳಲ್ಲಿ ಅನ್ನ ಸೀಯಿಸಿ ನಗಿಸುತ್ತಾನೆ. ತಾತ್ಸು ಹಾಗಲ್ಲ, ಅಡುಗೆಯಲ್ಲಿ ನಿಸ್ಸೀಮ. ಮನೆಗೆಲಸ ಬಾರದವಳು ಮಿಕು. ಅವನು ಕಸುಬು ಬಿಟ್ಟಿದ್ದಾನೆ, ಅದರ ಭಾಷೆಯನ್ನು ಬಿಟ್ಟಿಲ್ಲ. ನಗು ಹುಟ್ಟುವುದು ಅಲ್ಲಿ. ಹೆಂಡತಿ ಮರೆತ ಬುತ್ತಿಯೊಂದಿಗೆ ಸೈಕಲ್ಲೇರಿದರೆ ಪೊಲೀಸರು ತಡೆಯುತ್ತಾರೆ. ರಿಯಾಯಿತಿ ಮಾರಾಟಕ್ಕೆ ಕಾಳಗಕ್ಕೆ ಹೊರಟವನಂತೆ ಹೋಗುತ್ತಾನೆ. ಓನೊ ಅವರ ಗೆರೆಯೂ ನಗುವುದಿಲ್ಲ: ದಟ್ಟ ನೆರಳು, ಇರಿಯುವ ಕಣ್ಣು, ಮುಂದಿನ ಚೌಕದಲ್ಲಿ ತರಕಾರಿ.

ಒಂದೇ ಸೂತ್ರ ಮರಳಿ ಮರಳಿ ಬರುತ್ತದೆ, ನಿಜ. ಬಿಡಿಬಿಡಿಯಾಗಿ ಓದುವವರಿಗೆ ಅದು ತೊಂದರೆ ಕೊಡದು. ನನ್ನ ತಕರಾರು ಬೇರೆ. 2020ರಲ್ಲಿ ಇದಕ್ಕೆ ಅಮೆರಿಕದ ಐಸ್ನರ್ ಹಾಸ್ಯ ಪ್ರಶಸ್ತಿ ಬಂತು. ತಾತ್ಸುವಿನ ನೆರೆಹೊರೆಯ ಗೃಹಿಣಿಯರೂ ಇದೇ ಕೆಲಸ ಮಾಡುತ್ತಾರೆ. ಅವರದು ಯಾರ ಕಣ್ಣಿಗೂ ‘ದೊ’ ಆಗುವುದಿಲ್ಲ. ಮನೆಗೆಲಸಕ್ಕೆ ಘನತೆ ಬರಬೇಕಾದರೆ ಕತ್ತಿ ಹಿಡಿದ ಕೈಯೇ ಬೇಕೇ? ನನ್ನ ಅಮ್ಮ ಐವತ್ತು ವರ್ಷ ಒಲೆಯ ಮುಂದೆ ಕೂತಳು. ನಾವು ಉಂಡು ಎದ್ದೆವು, ಅಷ್ಟೆ.

ಇನ್ನೊಂದು ಕೊರತೆಯೂ ಇದೆ. ಇಲ್ಲಿ ಪ್ರತಿ ಕೆಲಸವೂ ಒಂದು ಗೆಲುವಾಗಿ ಮುಗಿಯುತ್ತದೆ. ತೊಳೆದ ಪಾತ್ರೆ ನಾಳೆ ಮತ್ತೆ ಮುಸುರೆಯಾಗುವ ಬೇಸರ ಮಾತ್ರ ಯಾವ ಚೌಕದಲ್ಲೂ ಇಲ್ಲ. ಆದರೂ ಹಳೆಯ ಶಿಷ್ಯ ಮಾಸಾನನ್ನು ಅಡುಗೆಮನೆಯಲ್ಲಿ ನಿಲ್ಲಿಸಿಕೊಂಡು ತಾತ್ಸು ಪಾಠ ಹೇಳುವ ಪುಟಗಳನ್ನು ನಮ್ಮ ಮನೆಯ ಹುಡುಗರ ಕೈಗೆ ಧಾರಾಳವಾಗಿ ಕೊಡುತ್ತೇನೆ.