ನಕ್ಷೆಗೆ ಚೌಕಟ್ಟು ಮೊದಲು, ಕತ್ತರಿ ಆಮೇಲೆ

ಲೇಟೆಕ್ ಎಂಬ ಅಕ್ಷರಜೋಡಣೆ ತಂತ್ರಾಂಶದಲ್ಲಿ ಕನ್ನಡ ಪುಸ್ತಕ ಕಟ್ಟುವವರ ನಡುವೆ ಒಂದು ಸಲಹೆಗೆ ಬಹಳ ಮರ್ಯಾದೆ ಸಿಕ್ಕಿದೆ. ಟಿಕ್‌ಜಡ್ ಪ್ಯಾಕೇಜಿನಲ್ಲಿ ಚಿತ್ರ ಬರೆಯಿರಿ, ಸುತ್ತ ಎಷ್ಟು ಖಾಲಿ ಜಾಗ ಉಳಿದರೂ ತಲೆ ಕೆಡಿಸಿಕೊಳ್ಳಬೇಡಿ, ಕೊನೆಗೆ ಪಿಡಿಎಫ್‌ಕ್ರಾಪ್ ಓಡಿಸಿ, ಬೇಡದ ಅಂಚೆಲ್ಲ ಹೋಗುತ್ತದೆ. ಹೊಸಬರು ಯಾರನ್ನು ಕೇಳಿದರೂ ಬರುವ ಉತ್ತರ ಇದೇ. ಒಂದು ಆದೇಶ, ಒಂದು ಕ್ಷಣದ ಕೆಲಸ, ಫಲ ಕಣ್ಣೆದುರಿಗೆ. ಹಾಗಾಗಿ ಇದರ ಗುಣದೋಷವನ್ನು ಯಾರೂ ಕೂತು ವಿಚಾರಿಸಿಲ್ಲ. ಈ ಸಲಹೆಗೆ ಸಿಕ್ಕ ಮರ್ಯಾದೆ ಅದರ ಯೋಗ್ಯತೆಯನ್ನು ಮೀರಿದ್ದು ಎಂಬುದು ನನ್ನ ವಾದ. ಕನ್ನಡದ ಹೆಸರುಗಳನ್ನು ಹೊತ್ತ ನಕ್ಷೆಗಳ ಮಟ್ಟಿಗಂತೂ ಅದು ಕೆಟ್ಟ ಸಲಹೆ.

ಟೆಕ್ ಕಟ್ಟಿದ ಕನೂತ್, ಅದರ ಮೇಲೆ ಲೇಟೆಕ್ ಕಟ್ಟಿದ ಲ್ಯಾಂಪೋರ್ಟ್, ಟಿಕ್‌ಜಡ್ ಕಟ್ಟಿದ ಟಿಲ್ ಟಾಂಟಾವು ಅವರ ಕಥೆಯನ್ನು ಇಲ್ಲಿ ಮತ್ತೆ ಹೇಳಬೇಕಿಲ್ಲ. ಜಗದೀಶ್ ಮತ್ತು ವೆಂಕಟೇಶ್ ಗೋಪಿನಾಥ್ ಅವರ ಕನ್ನಡ-ಟೆಕ್‌ನಿಂದ ಹಿಡಿದು ಇಂದಿನ ಯೂನಿಕೋಡ್ ಫಾಂಟ್‌ಗಳವರೆಗಿನ ದಾರಿಯೂ ಈ ಕೆಲಸದಲ್ಲಿರುವವರಿಗೆ ಗೊತ್ತಿದ್ದದ್ದೇ. ನನಗೆ ಬೇಕಾದದ್ದು ಒಂದೇ ಪ್ರಶ್ನೆ: ಬೇಡದ ಅಂಚು ಎಲ್ಲಿಂದ ಬರುತ್ತದೆ, ಅದನ್ನು ತೆಗೆಯುವ ಹೊಣೆ ಯಾರದು?

ಮಲಪ್ರಭೆಯನ್ನೇ ತೆಗೆದುಕೊಳ್ಳೋಣ. ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ, ನಮ್ಮ ಎಂ.ಕೆ. ಹುಬ್ಬಳ್ಳಿಯಲ್ಲಿ ಶರಣೆ ಗಂಗಾಂಬಿಕೆಯ ಐಕ್ಯಸ್ಥಳವನ್ನು ಮುಟ್ಟಿ, ಮುನವಳ್ಳಿ ಕಡೆಯಿಂದ ಸವದತ್ತಿಯ ನವಿಲುತೀರ್ಥದ ಅಣೆಕಟ್ಟಿಗೆ ಬಂದು, ರಾಮದುರ್ಗದ ಮಗ್ಗುಲಲ್ಲಿ ಹಾದು, ಪಟ್ಟದಕಲ್ಲಿನಲ್ಲಿ ಉತ್ತರಕ್ಕೆ ತಿರುಗಿ, ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುವ ನದಿ. ಉದ್ದ 300 ಕಿಲೋಮೀಟರ್‌ಗಿಂತ ತುಸು ಹೆಚ್ಚು. ಈ ಭಾಗದ ಇತಿಹಾಸದ ಬಗ್ಗೆ ಯಾರು ಏನೇ ಬರೆದರೂ ಈ ನದಿಯ ಒಂದು ನಕ್ಷೆ ಬೇಕೇ ಬೇಕು. ಕಲ್ಯಾಣದಿಂದ ಉಳವಿಗೆ ಹೊರಟ ಶರಣರ ದಾರಿಯಾಗಲಿ, 1824ರ ಕಿತ್ತೂರಿನ ಯುದ್ಧವಾಗಲಿ, ಈ ನದಿಯನ್ನು ಬಿಟ್ಟು ಓದುಗನಿಗೆ ದಿಕ್ಕು ತಿಳಿಯುವುದಿಲ್ಲ.

ಎಂ.ಕೆ. ಹುಬ್ಬಳ್ಳಿಯ ಮಗ್ಗುಲಿನ ಪುಣೆ–ಬೆಂಗಳೂರು ಹೆದ್ದಾರಿಯನ್ನು ಇಂಥ ಚಿಕ್ಕ ನಕ್ಷೆಯಲ್ಲಿ ಎರಡು ಬಿಂದುಗಳ ನಡುವಿನ ನೇರ ಗೆರೆಯಾಗಿ ಎಳೆದರೆ ಸಾಕು. ಗೆರೆ ಎಲ್ಲಿಯವರೆಗೆ ಇದೆಯೋ ಅದನ್ನು ಸುತ್ತುವ ಚೌಕ, ಅಂದರೆ ಬೌಂಡಿಂಗ್ ಬಾಕ್ಸ್, ಅಲ್ಲಿಯವರೆಗೆ ಮಾತ್ರ. ಕುತ್ತು ಇರುವುದು ನದಿಯಲ್ಲಿ. ಬಾಗುವ ಗೆರೆಯನ್ನು ಟಿಕ್‌ಜಡ್ ಬೆಝಿಯೇ ವಕ್ರರೇಖೆಯಾಗಿ ಎಳೆಯುತ್ತದೆ. ಅದಕ್ಕೆ ಎರಡು ತುದಿಗಳಲ್ಲದೆ, ಗೆರೆಯನ್ನು ತಮ್ಮತ್ತ ಸೆಳೆಯುವ ಎರಡು ಕಂಟ್ರೋಲ್ ಬಿಂದುಗಳೂ ಇರುತ್ತವೆ. ಅವು ಕಾಗದದ ಮೇಲೆ ಮೂಡುವುದಿಲ್ಲ, ಗೆರೆಯೂ ಸಾಮಾನ್ಯವಾಗಿ ಅವನ್ನು ಮುಟ್ಟುವುದಿಲ್ಲ. ಆದರೂ ಚಿತ್ರದ ಬೌಂಡಿಂಗ್ ಬಾಕ್ಸ್ ಲೆಕ್ಕ ಹಾಕುವಾಗ ಟಿಕ್‌ಜಡ್ ಅವನ್ನೂ ಸೇರಿಸಿಕೊಳ್ಳುತ್ತದೆ.

ಇದರ ಪರಿಣಾಮ ಎಷ್ಟು ದೊಡ್ಡದೆಂದು ಲೆಕ್ಕವನ್ನೇ ಮಾಡಿ ನೋಡಬೇಕು. 8 ಸೆಂ.ಮೀ. ಅಗಲದ ಒಂದು ಬಿಲ್ಲು. ಎರಡೂ ಕಂಟ್ರೋಲ್ ಬಿಂದುಗಳು ತಳದಿಂದ 4 ಸೆಂ.ಮೀ. ಮೇಲಿವೆ ಎನ್ನಿ. ಶಾಯಿ ಏರುವುದು 3 ಸೆಂ.ಮೀ.ವರೆಗೆ ಮಾತ್ರ. ಕಂಟ್ರೋಲ್ ಬಿಂದುಗಳ ಎತ್ತರದ ಮುಕ್ಕಾಲು ಪಾಲು, ಅಷ್ಟೇ. ಮೇಲೆ 1 ಸೆಂ.ಮೀ. ಖಾಲಿ. ಇದನ್ನು ಸಹಿಸಬಹುದು. ಆದರೆ ನದಿ ಬಿಲ್ಲಿನ ಹಾಗೆ ಒಂದೇ ಕಡೆ ಬಾಗುವುದಿಲ್ಲ. ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೊರಳುತ್ತದೆ. ಅದೇ 8 ಸೆಂ.ಮೀ.ನಲ್ಲಿ ಎರಡೂ ಕಂಟ್ರೋಲ್ ಬಿಂದುಗಳನ್ನು ನಟ್ಟನಡುವೆ ಇಟ್ಟು, ಒಂದನ್ನು 4 ಸೆಂ.ಮೀ. ಮೇಲಕ್ಕೆ, ಇನ್ನೊಂದನ್ನು 4 ಸೆಂ.ಮೀ. ಕೆಳಕ್ಕೆ ಸರಿಸಿ. ಈಗ ಶಾಯಿ ಮೇಲೆ ಏರುವುದು ಸುಮಾರು 1.15 ಸೆಂ.ಮೀ., ಕೆಳಗೆ ಇಳಿಯುವುದೂ ಅಷ್ಟೇ. ಚೌಕದ ಎತ್ತರ 8 ಸೆಂ.ಮೀ.; ನದಿ ತುಂಬಿದ್ದು 2.3 ಸೆಂ.ಮೀ. ಉಳಿದದ್ದೆಲ್ಲ ಬರಿದೆ ಬಿಳಿ. ಇದನ್ನು ಪುಟಕ್ಕೆ ತಂದರೆ ಮೇಲಿನ ಪ್ಯಾರಾದಿಂದ ಚಿತ್ರ ದೂರ ನಿಲ್ಲುತ್ತದೆ, ‘ಚಿತ್ರ 1’ ಎಂಬ ಅಡಿಬರಹ ಎಲ್ಲೋ ಕೆಳಗೆ ಅನಾಥವಾಗಿ ಬೀಳುತ್ತದೆ. ನೋಡಿದವರು ಬರೆದವನನ್ನು ಬೈಯುತ್ತಾರೆ. ಹೊರಡುವ ಕೋನ, ತಲುಪುವ ಕೋನ ಕೊಟ್ಟು ಗೆರೆ ಎಳೆಯುವವರಿಗೆ ಈ ಕಂಟ್ರೋಲ್ ಬಿಂದುಗಳು ಎಲ್ಲಿವೆ ಎಂಬುದೂ ತಿಳಿಯುವುದಿಲ್ಲ. ಅವನ್ನು ಟಿಕ್‌ಜಡ್ಡೇ ಇಟ್ಟುಕೊಳ್ಳುತ್ತದೆ.

ಇದನ್ನು ಟಿಕ್‌ಜಡ್‌ನ ದಡ್ಡತನ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಬೆಝಿಯೇ ರೇಖೆ ತನ್ನ ನಾಲ್ಕು ಬಿಂದುಗಳು ಸುತ್ತುವರಿದ ಜಾಗದಿಂದ ಹೊರಗೆ ಹೋಗುವುದೇ ಇಲ್ಲ. ನಾಲ್ಕನ್ನೂ ಚೌಕದೊಳಗೆ ಹಾಕಿಕೊಂಡರೆ ಗೆರೆ ಖಂಡಿತ ಒಳಗಿರುತ್ತದೆ. ನಿಜವಾದ ತುದಿಯನ್ನು ಹುಡುಕಬೇಕೆಂದರೆ ಪ್ರತಿ ತುಂಡಿಗೂ ವರ್ಗ ಸಮೀಕರಣ ಬಿಡಿಸಬೇಕು. ಟೆಕ್‌ನ ಅಂಕಗಣಿತ ಇಂಥ ಕೆಲಸಕ್ಕೆ ಹುಟ್ಟಿದ್ದಲ್ಲ. ಹಾಗಾಗಿ ತಯಾರಕರು ಸುರಕ್ಷಿತವಾದ, ಅಗ್ಗದ ಲೆಕ್ಕವನ್ನು ಆರಿಸಿಕೊಂಡರು. ಬೇಕೆಂದವರಿಗೆ ಈಚಿನ ಆವೃತ್ತಿಗಳಲ್ಲಿ ಬಿಬಾಕ್ಸ್ ಎಂಬ ಲೈಬ್ರರಿಯೂ ಇದೆ; ಅದು ವಕ್ರರೇಖೆಯ ನಿಜವಾದ ಅಂಚನ್ನೇ ಹುಡುಕಿ ಕೊಡುತ್ತದೆ.

ಇಲ್ಲಿ ಮೆಟಾಪೋಸ್ಟ್ ಪಕ್ಷದವರ ಜೊತೆಗಿನ ಜಗಳವನ್ನು ಮುಗಿಸಿಯೇ ಮುಂದೆ ಹೋಗಬೇಕು. ಜಾನ್ ಹಾಬಿ ಕಟ್ಟಿದ ಮೆಟಾಪೋಸ್ಟ್ ಎಂಬ ಚಿತ್ರಭಾಷೆ ಮೊದಲಿಂದಲೂ ಗೆರೆಯ ನಿಜವಾದ ಎಲ್ಲೆಯನ್ನೇ ಲೆಕ್ಕ ಹಾಕುತ್ತದೆ. ಆದ್ದರಿಂದ ‘ನಮ್ಮಲ್ಲಿ ಈ ತೊಂದರೆಯೇ ಇಲ್ಲ, ಟಿಕ್‌ಜಡ್ ಬಿಟ್ಟು ಇತ್ತ ಬನ್ನಿ’ ಎಂದು ಅವರು ಕರೆಯುತ್ತಾರೆ. ಮಾತಿನ ಮೊದಲ ಅರ್ಧ ಸರಿ. ಆದರೆ ಅದೇ ಮೆಟಾಪೋಸ್ಟ್‌ನಲ್ಲಿ ಸೆಟ್‌ಬೌಂಡ್ಸ್ ಎಂಬ ಆದೇಶ ಇದೆ. ಚಿತ್ರದ ಶಾಯಿ ಎಲ್ಲಿಯವರೆಗೆ ಇದ್ದರೂ ಅದರ ಎಲ್ಲೆ ಇಷ್ಟೇ ಎಂದು ಬರೆದವನೇ ಸಾರುವ ಆದೇಶ ಅದು. ಶಾಯಿಯ ಅಂಚೇ ಸಾಕಾಗಿದ್ದರೆ ಹಾಬಿ ಅದನ್ನು ಯಾಕೆ ಇಟ್ಟರು? ನಿಜವಾದ ಅಂಚು ಬಲ್ಲ ಯಂತ್ರಕ್ಕೂ ಬರೆದವನ ಮಾತು ಬೇಕಾಗುತ್ತದೆ ಎಂದು ಅವರಿಗೆ ತಿಳಿದಿತ್ತು. ಆ ಪಕ್ಷದವರು ತಮ್ಮ ಗುರುವಿನ ದೊಡ್ಡ ಒಳನೋಟವನ್ನು ಬಿಟ್ಟು ಚಿಕ್ಕ ಅನುಕೂಲವನ್ನು ಮೆರೆಸುತ್ತಿದ್ದಾರೆ. ಇನ್ನು ಕನ್ನಡದ ಹೆಸರುಗಳನ್ನು ಮೆಟಾಪೋಸ್ಟ್ ಒಳಗೆ ಸರಿಯಾಗಿ ಜೋಡಿಸಬೇಕೆಂದರೆ ಲುವಾಟೆಕ್ ಎಂಜಿನ್ ಮತ್ತು ಲುವಾಎಂಪ್ಲಿಬ್ ಪ್ಯಾಕೇಜಿನ ಆಸರೆ ಹಿಡಿಯಬೇಕು. ಅದು ಆಗದ ಕೆಲಸವಲ್ಲ. ಆದರೆ ಅಂಚಿನ ಒಂದು ನೆಪಕ್ಕೆ ಇಡೀ ಮನೆ ಬದಲಿಸಿ ಎನ್ನುವುದು ವಿಮರ್ಶೆಯಲ್ಲ, ಪ್ರಚಾರ.

ಡಿಟಿಪಿಯವರ ವಾದ ಬೇರೆ. ಕೋರೆಲ್‌ನಲ್ಲಿ ಕಣ್ಣಳತೆಯಲ್ಲಿ ಚಿತ್ರವನ್ನು ಎಳೆದು ಕೂರಿಸಿದರೆ ಮುಗಿಯಿತು, ಇಷ್ಟು ರಾಮಾಯಣ ಯಾಕೆ ಎನ್ನುತ್ತಾರೆ. ಒಂದು ಕರಪತ್ರಕ್ಕೆ ಅದು ಸರಿ. ಅನುಭವಿ ಆಪರೇಟರ್‌ನ ಕಣ್ಣಿಗೆ ನಾನು ಕೈಮುಗಿಯುತ್ತೇನೆ. ಮೂವತ್ತು ನಕ್ಷೆಗಳಿರುವ, ಎರಡನೇ ಮುದ್ರಣಕ್ಕೆ ಊರ ಹೆಸರುಗಳು ತಿದ್ದಿ ಬರುವ ಪುಸ್ತಕಕ್ಕೆ ಕಣ್ಣಳತೆ ಸಾಲದು.

ಈಗ ಕತ್ತರಿಗೆ ಬರೋಣ. ಪಿಡಿಎಫ್‌ಕ್ರಾಪ್ ಮಾಡುವುದು ಇಷ್ಟೇ: ಘೋಸ್ಟ್‌ಸ್ಕ್ರಿಪ್ಟ್‌ನಿಂದ ಪುಟದ ಮೇಲೆ ಶಾಯಿ ಎಲ್ಲೆಲ್ಲಿದೆ ಎಂದು ಕೇಳಿ, ಅಷ್ಟಕ್ಕೆ ಪುಟವನ್ನು ಕತ್ತರಿಸುತ್ತದೆ. ಅದಕ್ಕೆ ಕಾಣುವುದು ಶಾಯಿ ಒಂದೇ. ಅಕ್ಷರ ಸಾಲಿನ ಮೇಲೆ ಕೂತಿದೆಯೇ, ಈ ಖಾಲಿ ಜಾಗವನ್ನು ಬೇಕೆಂದೇ ಬಿಟ್ಟಿದ್ದೇ, ಪಕ್ಕದ ಪುಟದಲ್ಲಿ ಇದರ ಜೋಡಿ ನಕ್ಷೆ ಇದೆಯೇ, ಯಾವುದೂ ಅದಕ್ಕೆ ತಿಳಿಯದು.

ಕನ್ನಡದಲ್ಲಿ ಇದು ಎಲ್ಲಿ ಕಚ್ಚುತ್ತದೆ ಎಂದರೆ ಒತ್ತಕ್ಷರದಲ್ಲಿ. ಒಂದು ನಕ್ಷೆಯ ತಳದಲ್ಲಿರುವ ಹೆಸರು ‘ಖಾನಾಪುರ’ ಎನ್ನಿ. ಅದರಲ್ಲಿ ಒತ್ತಿಲ್ಲ; ಅಕ್ಷರಗಳು ಬಹುಪಾಲು ಸಾಲಿನ ಮೇಲೇ ನಿಲ್ಲುತ್ತವೆ. ಇನ್ನೊಂದರ ತಳದಲ್ಲಿ ‘ಕಿತ್ತೂರು’ ಇದೆ; ತಕಾರದ ಒತ್ತು ಸಾಲಿನ ಕೆಳಗೆ ಇಳಿಯುತ್ತದೆ. ಎರಡನ್ನೂ ಶಾಯಿಯ ಅಂಚಿಗೆ ಕತ್ತರಿಸಿ ಅಕ್ಕಪಕ್ಕ ಕೂರಿಸಿದರೆ ಖಾನಾಪುರ ತಳಕ್ಕೆ ಅಂಟುತ್ತದೆ, ಕಿತ್ತೂರು ಒಂದು ಒತ್ತಿನಷ್ಟು ಮೇಲೆ ತೇಲುತ್ತದೆ. ಓದುಗನಿಗೆ ಕಾರಣ ಗೊತ್ತಾಗುವುದಿಲ್ಲ, ಪುಟ ಓರೆಯಾಗಿದೆ ಎಂದು ಮಾತ್ರ ಅನ್ನಿಸುತ್ತದೆ. ರೋಮನ್ ಲಿಪಿಯಲ್ಲೂ ಕೆಳಗೆ ಇಳಿಯುವ ಅಕ್ಷರಗಳಿವೆ, ನಿಜ. ಆದರೆ ನಮ್ಮ ಊರುಗಳ ಹೆಸರು ನೋಡಿ: ಸವದತ್ತಿ, ಮುನವಳ್ಳಿ, ಹುಬ್ಬಳ್ಳಿ, ಪಟ್ಟದಕಲ್ಲು. ಒತ್ತಿರುವ ಊರುಗಳಿಗೆ ಇಲ್ಲಿ ಬರವಿಲ್ಲ.

ಚಿತ್ರವನ್ನು ಪುಟಕ್ಕೆ ತರುವ ಆದೇಶದಲ್ಲೇ ಕೈಯಿಂದ ಟ್ರಿಮ್ ಅಂಕಿಗಳನ್ನು ಕೊಟ್ಟು ಕತ್ತರಿಸುವವರ ಪಾಡು ಇನ್ನೂ ಕೆಟ್ಟದ್ದು. ಎಡ, ಕೆಳಗೆ, ಬಲ, ಮೇಲೆ ಎಂಬ ಕ್ರಮದಲ್ಲಿ ನಾಲ್ಕು ಅಂಕಿ ಬರೆದು, ಜೊತೆಗೆ ಕ್ಲಿಪ್ ಹಾಕುತ್ತಾರೆ. ಇವತ್ತು ಸರಿ ಕೂರುತ್ತದೆ. ನಾಳೆ ನಕ್ಷೆಯ ತಳದಲ್ಲಿ ಒಂದು ಊರು ಸೇರಿದರೆ ಚಿತ್ರದ ಎಲ್ಲೆ ಬದಲಾಗುತ್ತದೆ, ಹಳೆಯ ಅಂಕಿ ಉಳಿಯುತ್ತದೆ. ಆಗ ಅಂಚು ಒತ್ತನ್ನೇ ತಿನ್ನುತ್ತದೆ: ಮುನವಳ್ಳಿ ‘ಮುನವಳಿ’ ಆಗುತ್ತದೆ, ಕಿತ್ತೂರು ‘ಕಿತೂರು’ ಆಗುತ್ತದೆ. ಕರಡು ತಿದ್ದುವವರ ಕಣ್ಣಿಗೂ ಇದು ಬೇಗ ಬೀಳುವುದಿಲ್ಲ, ಏಕೆಂದರೆ ಅವರು ಪಠ್ಯ ಓದುತ್ತಾರೆ, ಚಿತ್ರ ಓದುವುದಿಲ್ಲ.

ಇದಕ್ಕಿಂತ ದೊಡ್ಡ ಹಾನಿ ಅಳತೆಯದು. ಡೆಮಿ ಪುಸ್ತಕದಲ್ಲಿ ಸಾಲಿನ ಅಗಲ 10.5 ಸೆಂ.ಮೀ. ಇದೆ ಎನ್ನಿ. ಕಣಕುಂಬಿಯಿಂದ ಎಂ.ಕೆ. ಹುಬ್ಬಳ್ಳಿಯವರೆಗಿನ ನಕ್ಷೆ ಕತ್ತರಿಸಿದ ಮೇಲೆ 7 ಸೆಂ.ಮೀ. ಆಯಿತು, ಸವದತ್ತಿಯಿಂದ ಕೂಡಲಸಂಗಮದ್ದು 10.5 ಸೆಂ.ಮೀ. ಉಳಿಯಿತು. ಎರಡನ್ನೂ ಸಾಲಿನ ಅಗಲಕ್ಕೆ ಹಿಗ್ಗಿಸಿ ಎಂದು ಆದೇಶ ಕೊಡುವುದು ಎಲ್ಲರ ರೂಢಿ. ಮೊದಲನೆಯದು ಒಂದೂವರೆ ಪಟ್ಟು ಹಿಗ್ಗುತ್ತದೆ. ಅದರ 10 ಪಾಯಿಂಟ್ ಅಕ್ಷರ 15 ಪಾಯಿಂಟ್ ಆಗುತ್ತದೆ, ನದಿಯ ಗೆರೆ ದಪ್ಪವಾಗುತ್ತದೆ, ದೂರಗಳು ಉಬ್ಬುತ್ತವೆ. ಒಂದೇ ನದಿಯ ಎರಡು ತುಂಡುಗಳು ಒಂದೇ ಪುಸ್ತಕದಲ್ಲಿ ಎರಡು ಅಳತೆಯಲ್ಲಿ ಅಚ್ಚಾಗುತ್ತವೆ. ಯಾವ ಊರಿಂದ ಯಾವ ಊರು ದೂರ ಎಂದು ತೋರಿಸಲು ಬರೆದ ನಕ್ಷೆ ಆ ಒಂದು ಕೆಲಸವನ್ನೇ ಮಾಡುವುದಿಲ್ಲ. ಇದಕ್ಕೆ ಕಾರಣ ಬಿಳಿ ಅಂಚಲ್ಲ, ಅದನ್ನು ತೆಗೆದ ರೀತಿ.

ಅಂಚು ತೆಗೆಯುವ ಇನ್ನೊಂದು ದಾರಿಯಾದ, ಲೇಟೆಕ್‌ನ ಸ್ಟ್ಯಾಂಡ್‌ಅಲೋನ್ ಕ್ಲಾಸ್ ಬಗ್ಗೆ ಎರಡು ಒಳ್ಳೆಯ ಮಾತು ಹೇಳಬೇಕು. ಮಾರ್ಟಿನ್ ಶಾರರ್ ಅವರ ಈ ಕೆಲಸ ಚೊಕ್ಕವಾದದ್ದು. ಪ್ರತಿ ಚಿತ್ರವನ್ನು ಬೇರೆ ಕಡತದಲ್ಲಿ ಇಟ್ಟು, ಬಾರ್ಡರ್ ಎಷ್ಟು ಬೇಕೆಂದು ಬರೆದು, ಬೇಕಾದಾಗ ಒಂದನ್ನೇ ಕಂಪೈಲ್ ಮಾಡಬಹುದು. ಅದು ಟಿಕ್‌ಜಡ್ ಹೇಳಿದ ಚೌಕವನ್ನು ನಂಬುತ್ತದೆ, ಶಾಯಿಯನ್ನು ಹುಡುಕುತ್ತಾ ಹೋಗುವುದಿಲ್ಲ. ಹಾಗಾಗಿ ಚೌಕ ಸರಿಯಿದ್ದರೆ ಅದೂ ಸರಿ. ಬೇರೆಯವರಿಂದ ಬಂದ, ಮೂಲ ಸಿಗದ ಪಿಡಿಎಫ್‌ಗೆ ಪಿಡಿಎಫ್‌ಕ್ರಾಪ್ ಇರಲಿ. ಬೇರೆ ದಾರಿಯೂ ಇಲ್ಲ.

ಆದರೆ ಮೂಲ ನಿಮ್ಮದೇ ಆಗಿದ್ದಾಗ ಮಾಡಬೇಕಾದ್ದು ಬೇರೆ, ಮತ್ತು ಅದನ್ನು ಯಾರೂ ಹೊಗಳುವುದಿಲ್ಲ. ಯೂಸ್-ಆಸ್-ಬೌಂಡಿಂಗ್-ಬಾಕ್ಸ್ ಎಂಬ ಒಂದು ಸಾಲು. ಚಿತ್ರದ ಮೊದಲಲ್ಲೇ ಅದನ್ನು ಬರೆದು ಎದುರುಬದುರಿನ ಎರಡು ಮೂಲೆಗಳನ್ನು ಕೊಟ್ಟರೆ, ಆಮೇಲೆ ಎಳೆದ ಯಾವ ಗೆರೆಯೂ, ಯಾವ ಕಂಟ್ರೋಲ್ ಬಿಂದುವೂ ಚೌಕವನ್ನು ಹಿಗ್ಗಿಸಲಾರದು. ಏನನ್ನೂ ಕತ್ತರಿಸುವುದೂ ಇಲ್ಲ. ಹೊರಗೆ ಚಾಚಿದ್ದು ಚಾಚಿಯೇ ಇರುತ್ತದೆ, ಜಾಗದ ಲೆಕ್ಕಕ್ಕೆ ಮಾತ್ರ ಬರುವುದಿಲ್ಲ. ಮಲಪ್ರಭೆಯ ಎರಡೂ ನಕ್ಷೆಗಳಿಗೆ 10.5 ಸೆಂ.ಮೀ. ಅಗಲದ ಒಂದೇ ಚೌಕ ಕೊಡಿ, ಹಿಗ್ಗಿಸದೆ ಹಾಗೇ ಪುಟಕ್ಕೆ ತನ್ನಿ. ಅಕ್ಷರ 10 ಪಾಯಿಂಟ್‌ನಲ್ಲೇ ಉಳಿಯುತ್ತದೆ, ಅಳತೆ ಒಂದೇ ಇರುತ್ತದೆ. ಮೊದಲ ನಕ್ಷೆಯ ಪಕ್ಕ ಉಳಿಯುವ 3.5 ಸೆಂ.ಮೀ. ಬಿಳಿ ಬೇಡದ ಅಂಚಲ್ಲ. ನದಿಯ ಆ ತುಂಡು ಅಷ್ಟೇ ಚಿಕ್ಕದು ಎಂದು ಅದು ಹೇಳುತ್ತದೆ.

ಚಿಲ್ಲರೆ ಕೆಲಸ ಎರಡಿವೆ. ಪ್ರತಿ ಹೆಸರಿನ ಸುತ್ತ ಟಿಕ್‌ಜಡ್ ಇನ್ನರ್ ಸೆಪ್ ಎಂದು ಅಕ್ಷರದ ಎಮ್ ಅಳತೆಯ ಮೂರನೇ ಒಂದು ಪಾಲು ಜಾಗ ಬಿಡುತ್ತದೆ. ಅಂಚಿನಲ್ಲಿರುವ ಹೆಸರುಗಳಿಗೆ ಅದನ್ನು ಸೊನ್ನೆ ಮಾಡಿ. ಒಂದೇ ಸಾಲಿನಲ್ಲಿ ಬರುವ ಹೆಸರುಗಳನ್ನು ನಡುವಿನ ಬಿಂದುವಿನಿಂದ ಹಿಡಿಯದೆ ಬೇಸ್‌ನಿಂದ, ಅಂದರೆ ಅಕ್ಷರ ಕೂರುವ ಸಾಲಿನಿಂದ, ಹಿಡಿಯಿರಿ. ಇಲ್ಲದಿದ್ದರೆ ಒತ್ತಿರುವ ಹೆಸರು ಮೇಲಕ್ಕೆ ಏರುತ್ತದೆ.

ಅಚ್ಚುಮೊಳೆಯ ಕಾಲದಲ್ಲಿ ಬಿಳಿ ಜಾಗಕ್ಕೂ ಸೀಸದ ತುಂಡು, ಮರದ ಪಟ್ಟಿ ಬೇಕಾಗುತ್ತಿತ್ತು. ಬ್ಲಾಕಿನ ಸುತ್ತ ಎಷ್ಟು ಬಿಡಬೇಕೆಂದು ಕಂಪೋಸಿಟರ್ ಕೈಯಾರೆ ತುಂಬಿ ತೀರ್ಮಾನಿಸುತ್ತಿದ್ದ. ಆ ತೀರ್ಮಾನವನ್ನು ಶಾಯಿ ಮಾತ್ರ ಕಾಣುವ ಯಂತ್ರಕ್ಕೆ ಒಪ್ಪಿಸಿದ್ದನ್ನು ನಾವು ಪ್ರಗತಿ ಎಂದುಕೊಂಡಿದ್ದೇವೆ. ಕನ್ನಡದಲ್ಲಿ ಲೇಟೆಕ್ ಕಲಿಸುವವರಲ್ಲಿ, ಕೈಪಿಡಿ ಬರೆಯುವವರಲ್ಲಿ ನನ್ನದೊಂದು ಕೋರಿಕೆ. ಚಿತ್ರದ ಪಾಠವನ್ನು ಗೆರೆಯಿಂದ ಶುರು ಮಾಡಬೇಡಿ, ಚೌಕದಿಂದ ಶುರು ಮಾಡಿ. ಪಿಡಿಎಫ್‌ಕ್ರಾಪ್ ಅನ್ನು ಅನುಬಂಧಕ್ಕೆ ಕಳಿಸಿ.