ಅಡುಗೆಮನೆಯ ಪಕ್ಕದ ಮುದ್ರಣಾಲಯ

ಚಟ್ನಿಪುಡಿ ಪೊಟ್ಟಣದ ಲೇಬಲ್ಲಿಗಾಗಿ ಈಗ ಪ್ರೆಸ್ಸಿಗೆ ಅಲೆಯಬೇಕಿಲ್ಲ. ಎ4 ಹಾಳೆ 210 ಮಿ.ಮೀ. ಅಗಲ, 297 ಉದ್ದ. 70ಕ್ಕೆ 37ರ ಅಳತೆಯ ಚೀಟಿಗಳು ಅದರಲ್ಲಿ 24 ಕೂರುತ್ತವೆ. ಈ ಲೆಕ್ಕವೇ ನನಗೆ ಚೆಂದ. ಸಾವಿರಗಟ್ಟಲೆ ಹೊಡೆಸಿ ಅಟ್ಟದಲ್ಲಿ ಪೇರಿಸುವ ಗೋಜಿಲ್ಲ. ಬೆಲೆ ಏರಿತೇ, ಅಂಕಿ ತಿದ್ದಿ ಮತ್ತೆ ಪ್ರಿಂಟ್ ಕೊಟ್ಟರಾಯಿತು. ಲೇಬಲ್ಲಿನ ಅಕ್ಷರ ಜೋಡಿಸುವ ಹಳೆಯ ವಿನ್ಯಾಸ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡದ ಒತ್ತಕ್ಷರಗಳು ಚೆದುರುತ್ತಿದ್ದವು. ‘ನುಡಿ’ ತಂತ್ರಾಂಶದ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳನ್ನು ಡಿಟಿಪಿಯವರು ಸುಮ್ಮನೆ ನೆಚ್ಚಿಕೊಂಡಿರಲಿಲ್ಲ! ಪರದೆಯ ಮೇಲೆ ಹೊಳೆದ ಕೆಂಪು ಬಣ್ಣ ಕಾಗದದಲ್ಲಿ ಮಂಕಾಗುತ್ತದೆ: ಅಲ್ಲಿರುವುದು ಬೆಳಕು, ಇಲ್ಲಿರುವುದು ಶಾಯಿ. ಲೇಬಲ್ಲಿನ ಫೋಟೊಗೆ ಮೊಬೈಲೇ ಸಾಕು; ಕಿಟಕಿ ಬೆಳಕಿನಲ್ಲಿ ತೆಗೆಯಿರಿ, ಫ್ಲ್ಯಾಶ್ ಬೇಡ. ಒದ್ದೆಕೈ ತಾಗುವ ಪೊಟ್ಟಣಕ್ಕೆ ಸಾಮಾನ್ಯ ಇಂಕ್‌ಜೆಟ್‌ಗಿಂತ ಲೇಸರ್ ಪ್ರಿಂಟರೇ ಮೇಲು. ಅದರ ಟೋನರ್ ನೀರಿಗೆ ಕದಡುವುದಿಲ್ಲ.